ಬಾಗಲವಾಡಕ್ಕೆ ಕೊಡಬೇಕಿದ್ದ ಜವಾಬು

ಕಳೆದ ವಾರ ನಮ್ಮ ಮನೆಯವಳು ಥಂಡಿಗೆಂದು ಟ್ರಂಕಿನಿಂದ ಕೌದಿ ತೆಗೆದಳು. ಮುಚ್ಚಳ ಎತ್ತಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಚಹಾದ ಬಸಿ ಕೈಯಲ್ಲಿ ಹಿಡಿದವನು ಹಾಗೇ ನಿಂತುಬಿಟ್ಟೆ.

"ಏನಾತ್ರೀ? ಕೌದಿ ನೋಡಿಲ್ಲೇನು ಯಾವತ್ತರೆ?" ಎಂದು ಆಕೆ ನಕ್ಕಳು.

ನಾನು ಕೌದಿ ನೋಡುತ್ತಿರಲಿಲ್ಲ. ರಾಯಚೂರಿನ ಗ್ರಂಥಾಲಯದಲ್ಲಿ ಕಪಾಟಿನ ಬಾಗಿಲು ತೆರೆದಾಗಲೆಲ್ಲ ಇದೇ ವಾಸನೆ ಬರುತ್ತಿತ್ತು. ಆ ವಾಸನೆಯ ಹಿಂದೆಯೇ ಲೈಬ್ರರಿ ಸರ್ ನೆನಪಾದರು. ತೆಳ್ಳನೆಯ ಆಳು, ತೋಳು ಮಡಚಿದ ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಮೈಸೂರಿನ ಕಡೆಯವರು. ನಮ್ಮ ಬಿಸಿಲಿಗೆ ಹೆದರಿ ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡೇ ಇರುತ್ತಿದ್ದರು. ಅವರನ್ನು ನೆನೆದರೆ ಖುಷಿಪಡಬೇಕೋ ಸಂಕಟಪಡಬೇಕೋ ಇವತ್ತಿಗೂ ನನಗೆ ತಿಳಿಯದು...

ನಾನು ಗೌಂಡಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಕರಣಿ ಹಿಡಿದವನು. ಯಾರ ಹಂಗಿನಲ್ಲೂ ಬೆಳೆದಿಲ್ಲ. ಯಾಪಲದಿನ್ನಿಯಲ್ಲಿ, ಮಾನ್ವಿಯಲ್ಲಿ, ರಾಯಚೂರಿನ ಎಷ್ಟೋ ಓಣಿಗಳಲ್ಲಿ ನಾನು ಎಬ್ಬಿಸಿದ ಗೋಡೆಗಳಿವೆ. ದಾರದ ತೂಗುಗುಂಡು ಇಳಿಬಿಟ್ಟು ನೋಡಿ, ಒಂದು ಕೂದಲಿನಷ್ಟು ವಾಲಿದ್ದರೆ ಹೇಳಿ. ಇದನ್ನು ಹೆಮ್ಮೆಗೇ ಹೇಳುತ್ತೇನೆ, ಅದರಲ್ಲೇನು ನಾಚಿಕೆ? ಗ್ರಂಥಾಲಯಕ್ಕೆ ನಾನು ಹೋಗಿದ್ದೂ ಓದುವುದಕ್ಕಲ್ಲ, ಫರಸಿ ಹಾಕುವುದಕ್ಕೆ. ಎಮರ್ಜೆನ್ಸಿ ಮುಗಿದ ಮೇಲಿನ ವರ್ಷಗಳು ಅವು. ಹಿಂಬದಿಯ ದೊಡ್ಡ ಕೋಣೆಯ, ಅಂದರೆ ಓದುವ ಹಾಲಿನ, ನೆಲ ಕುಸಿದಿತ್ತು. ಶಹಾಬಾದಿ ಕಲ್ಲು ತರಿಸಿ ನಾನೇ ಕೂಡಿಸಿದೆ. ಕೆಲಸ ಮುಗಿದ ದಿನ ಸರ್ ಚಪ್ಪಲಿ ಬಿಟ್ಟು, ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿದರು.

"ಚೆನ್ನಾಗಿದೆಯಪ್ಪಾ. ಭಾನುವಾರ ಬನ್ನಿ. ಇಲ್ಲಿ ಓದು ಇರುತ್ತೆ. ನೀವು ಹಾಕಿದ ನೆಲದ ಮೇಲೆ ನೀವೇ ಕೂತು ನೋಡಬೇಕಲ್ವಾ?"

ಒಬ್ಬ ಸರ್ಕಾರಿ ಮನುಷ್ಯ ನನ್ನನ್ನು 'ನೀವು' ಎಂದದ್ದು ಅದೇ ಮೊದಲು. ಹೋದೆ.

ಭಾನುವಾರದ ಓದು ಎಂದರೆ, ಹಾಲಿನಲ್ಲಿ ಜಮಖಾನೆ ಹಾಸುತ್ತಿದ್ದರು. ಒಬ್ಬರು ಒಂದು ಕಥೆಯನ್ನೋ ಪುರಾಣದ ತುಂಡನ್ನೋ ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಕೇಳಬೇಕು. ಒಮ್ಮೊಮ್ಮೆ ಹಾರ್ಮೋನಿಯಂ ಇರುತ್ತಿತ್ತು, ಒಮ್ಮೊಮ್ಮೆ ಶಾಲೆಯ ಮಕ್ಕಳು ಬರೆದ ಚಿತ್ರ ತೂಗುಹಾಕುತ್ತಿದ್ದರು. ಬರುವವರು ಬೆರಳೆಣಿಕೆಯ ಮಂದಿ. ಮುಂದಿನ ಸಾಲಿನಲ್ಲಿ ರಿಟೈರಾದ ಹೆಡ್‌ಮಾಸ್ತರರು, ಮೂಲೆಯಲ್ಲಿ ಉರ್ದು ಪತ್ರಿಕೆ ಓದಲು ಬರುತ್ತಿದ್ದ ಅತ್ತರಿನಂಗಡಿಯ ಚಾಚಾ, ಹಿಂದೆ ನಾನು. ನಾನು ಹಿಂದೆ ಕೂತದ್ದು ಅಂಜಿಕೆಯಿಂದಲ್ಲ. ಅಲ್ಲಿ ನಾನು ಕೂಡಿಸಿದ ಕಲ್ಲೊಂದರ ಅಂಚು ಕಿತ್ತಿತ್ತು, ಯಾರ ಕಣ್ಣಿಗೂ ಬೀಳಬಾರದೆಂದು ಅದರ ಮೇಲೆಯೇ ಕೂಡುತ್ತಿದ್ದೆ!

ಒಂದು ಭಾನುವಾರ ಓದುವವರು ಬರಲಿಲ್ಲ. ಸರ್ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಮಂದಿ ಹೀಗೇ ಕಡಿಮೆಯಾದರೆ ಭಾನುವಾರ ಬಾಗಿಲು ತೆರೆಯುವುದೇ ಬೇಡವೆಂದು ಮೇಲಿನವರು ಅಂದಿದ್ದಾರೆಂದು ಹೇಳಿದರು. ನನಗೆ ಕೆಡುಕೆನಿಸಿತು. ನಮ್ಮ ಸೋದರಮಾವ ಬಾಗಲವಾಡದಲ್ಲಿ ಡೊಳ್ಳಿನ ಪದ ಹಾಡುತ್ತಾನೆ, ಅವನ ಮೇಳ ಕರೆಸಿದರೆ ಹಾಲು ತುಂಬುತ್ತದೆ ಎಂದೆ. ಸರ್ ಕಣ್ಣು ಅರಳಿತು.

"ಆದರ ಸರ, ಎರಡು ಮೇಳ ಬೇಕ್ರಿ. ಒಬ್ರು ಸವಾಲು ಹಾಕಿದ್ರ ಇನ್ನೊಬ್ರು ಜವಾಬು ಕೊಡಬೇಕು. ಎದುರಿಗೆ ಮಂದಿ ಇರಲಾರದ ಅವ ಹಾಡಂಗಿಲ್ಲ."

"ಎರಡು ಡೊಳ್ಳಿನ ಮೇಳ ಈ ಹಾಲಿಗೆ ಹಿಡಿಸಲ್ಲಪ್ಪಾ. ಎದುರಿಗೆ ನಾವೆಲ್ಲ ಇರ್ತೀವಲ್ಲ" ಎಂದರು ಸರ್.

ಕೇಳುವುದಕ್ಕೆ ಇರ್ತೀವಿ ಎಂದು ಅವರು ಅಂದದ್ದು. ನಾನು ಆ ಮಾತನ್ನು ಹಾಗೇ ಬಾಗಲವಾಡಕ್ಕೆ ಮುಟ್ಟಿಸಿದೆ. ನಮ್ಮ ಮಾವನ ಪಾಲಿಗೆ ಎದುರಿಗೆ ಇರುವುದೆಂದರೆ ಪೈಪೋಟಿಗೆ ಇರುವುದು. ರಾಯಚೂರಿನ ಓದುವ ಮಂದಿಯೇ ಎದುರು ಮೇಳ ಎಂದು ತಿಳಿದು, ಬಸ್ಸಿನ ನೆತ್ತಿಯ ಮೇಲೆ ಡೊಳ್ಳು ಕಟ್ಟಿಸಿಕೊಂಡು, ಹಣೆತುಂಬ ಅರಿಷಿಣದ ಭಂಡಾರ ಬಳಿದುಕೊಂಡು ಬಂದ.

ಆ ದಿನ ಹಾಲು ತುಂಬಿತು. ಡೊಳ್ಳಿನ ಪೆಟ್ಟಿಗೆ ಕಪಾಟಿನ ಗಾಜುಗಳು ಝಣಝಣ ಅಂದವು. ಮಾವ ಕಿವಿಯ ಮೇಲೆ ಕೈಯಿಟ್ಟು ಪದ ಎತ್ತಿದ:

"ಮಣ್ಣು ಹುಟ್ಟಿದ್ದಿಲ್ಲ, ನೀರು ಹುಟ್ಟಿದ್ದಿಲ್ಲ,
ಮೂಡಲ ದಿಕ್ಕಿಗಿ ಹೊತ್ತು ಹುಟ್ಟಿದ್ದಿಲ್ಲ,
ಕುರಿ ಕಾಯೋ ನಮ್ಮಪ್ಪ ಕೋಲು ಹಿಡಕೊಂಡು ಬಂದ,
ಬಂದವ ಕೋಲ ಎಲ್ಲಿ ಊರಿದ? ಹೇಳೋ ಜಾಣ!"

ಡೊಳ್ಳು ನಿಂತಿತು. ಸವಾಲು ಹಾಕಿದ ಮೇಲೆ ಮೇಳ ನಿಲ್ಲಬೇಕು, ಎದುರಿನವರು ಏಳಬೇಕು. ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತ. ಯಾರೂ ಏಳಲಿಲ್ಲ. ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಹಲಗೆ. ಅದರ ಕೆಳಗೆ ವರ್ಷಗಟ್ಟಲೆ ಬಾಯಿ ಮುಚ್ಚಿ ಕೂತು ರೂಢಿಯಾದ ಮಂದಿ, ದೊಡ್ಡ ಮರ್ಯಾದೆಯಿಂದ ಮೌನವಾಗಿದ್ದರು. ನಮ್ಮ ಕಡೆ ಸವಾಲಿಗೆ ಮೌನ ಎಂದರೆ ಬಾಯಿ ಕಟ್ಟಿತು ಎಂದು ಅರ್ಥ. ಮಾವ ಇನ್ನೂ ಕಾದ. ಕೊನೆಗೆ ಪದ ಮುಗಿಯಿತೆಂದುಕೊಂಡು ಸರ್ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಮಾವ ಗಾಬರಿಯಾಗಿ ನನ್ನ ಕಡೆ ನೋಡಿದ. "ಏ ಅಳಿಯಾ, ಇವ್ರು ಗೆದ್ರೋ ಸೋತ್ರೋ? ಸೋತವ್ರು ಎಲ್ಲೆರೆ ಚಪ್ಪಾಳಿ ಹೊಡೀತಾರೇನಲೇ?"

ನಾನು ಎದ್ದು ಎರಡೂ ಕಡೆಗೆ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಹೆಡ್‌ಮಾಸ್ತರರ ಮುಖ ಕೆಂಪಗಾಯಿತು. "ನಾವೇನು ಪರೀಕ್ಷಾಕ್ಕ ಕೂತೇವೇನು? ಕರೆಸಿ ಕೂಡಿಸಿ ಪ್ರಶ್ನೆ ಕೇಳಸ್ತೀರಿ?" ಎಂದು ಕೊಡೆ ಹಿಡಿದು ಎದ್ದೇಬಿಟ್ಟರು. ನಗುತ್ತಿದ್ದವರು ಚಾಚಾ ಒಬ್ಬರೇ.

ಸರ್ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮಾವನ ಹತ್ತಿರ ಬಂದು, "ಯಜಮಾನ್ರೇ, ಇಷ್ಟೊಂದು ಪುಸ್ತಕ ಇವೆ. ಹುಡುಕ್ತೀವಿ. ಸಿಕ್ಕಿದ ಮೇಲೆ ನಾನೇ ನಿಮ್ಮೂರಿಗೆ ಬಂದು ಉತ್ತರ ಹೇಳ್ತೀನಿ" ಎಂದರು.

ಮಾವ ಕಪಾಟುಗಳನ್ನು ಒಂದೊಂದಾಗಿ, ಮೇಲಿನಿಂದ ಕೆಳಗಿನವರೆಗೆ ನೋಡಿದ. ಗಾಬರಿ ಇಳಿದಿತ್ತು. "ಇಷ್ಟರೊಳಗ ಇಲ್ಲದ ಇರತದೇನು... ತರ್ರಿ ಸರ. ನಾ ಕಾಯ್ತೀನಿ" ಎಂದ. ಅವನ ದನಿ ಯಾಕೆ ಅಷ್ಟು ಮೆತ್ತಗಾಯಿತೆಂದು ಆವತ್ತು ನನಗೆ ಗೊತ್ತಾಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮಾವ ನನಗೊಂದು ಮಾತು ಹೇಳಿದ. ಎದುರಿನವರು ಜವಾಬು ಕೊಡಬೇಕು, ಇಲ್ಲವೇ ಸೋತೆವು ಅನ್ನಬೇಕು. ಎರಡರಲ್ಲಿ ಒಂದು ಆಗುವ ತನಕ ಆ ಪದವನ್ನು ಬೇರೆ ಯಾರ ಮುಂದೆಯೂ ಹಾಡುವಂತಿಲ್ಲ. ಇದು ಅವರ ಮೇಳದ ಕಟ್ಟಳೆ. ಅದು ಅವನ ದೊಡ್ಡ ಪದ. ಅದನ್ನು ಕೇಳಲೆಂದೇ ಚೀಕಲಪರ್ವಿಯಿಂದ, ದೇವದುರ್ಗದಿಂದ ಅವನನ್ನು ಕರೆಸುತ್ತಿದ್ದರು. ಆ ಪದ ಈಗ ರಾಯಚೂರಿನ ಹಾಲಿನಲ್ಲಿ ಸಿಕ್ಕಿಕೊಂಡಿತ್ತು.

ಮುಂದಿನ ಭಾನುವಾರ ಸರ್ ಕರಿಹಲಗೆ ತಂದು ಸವಾಲನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ಆಮೇಲೆ ಆದದ್ದನ್ನು ನಾನೇ ನಂಬಿರಲಿಲ್ಲ. ಮಂದಿ ಬರತೊಡಗಿದರು. ಮುನಿಸಿಕೊಂಡು ಹೋಗಿದ್ದ ಹೆಡ್‌ಮಾಸ್ತರರು ಪುರಾಣದ ಗಂಟು ಹೊತ್ತುಕೊಂಡು ಬಂದು, ಶೇಷನ ಹೆಡೆಯ ಮೇಲೆ ಊರಿದ ಎಂದು ವಾದ ಹೂಡಿದರು. ನೀರೇ ಇಲ್ಲ ಅಂದ ಮೇಲೆ ಶೇಷ ಎಲ್ಲಿ ಮಲಗಿದ್ದ ಎಂದು ಇನ್ನೊಬ್ಬರು ಎದ್ದರು. ಚಾಚಾ ಮೂಲೆಯಿಂದ, "ಜಮೀನೇ ಹುಟ್ಟಿದ್ದಿಲ್ಲಂದ್ರ ಮಾಸ್ತರ್ ಸಾಬ್, ನಮಗ್ಯಾಕ ಕೇಳ್ತೀರಿ? ಪಟವಾರಿಗೆ ಕೇಳ್ರಿ, ಪಟ್ಟಾ ಯಾರ ಹೆಸರಿಗಿ ಅದ ಅಂತ" ಎನ್ನುವರು. ಹಾಲಿನ ಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಮತ್ತೆ ಓದು. ಯಾವ ಪುಸ್ತಕದಲ್ಲಿ ಭೂಮಿ ಹುಟ್ಟಿದ ಸುದ್ದಿ ಇದ್ದರೂ ತಂದು ಗಟ್ಟಿಯಾಗಿ ಓದುತ್ತಿದ್ದರು. ಚಾಚಾ ಉರ್ದುವಿನಲ್ಲಿದ್ದದ್ದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅಕ್ಷರ ಕೂಡಿಸಿ ಓದುತ್ತಿದ್ದ ನಾನೂ ಒಮ್ಮೆ ಒಂದು ಪುಟ ಓದಿದೆ. ಬೆವರು ಒರೆಸಿಕೊಂಡು ಕೂತಾಗ, ಮಾಳಿಗೆಗೆ ಕೊನೆಯ ಗಚ್ಚು ಹಾಕಿದಷ್ಟು ಸಮಾಧಾನವಾಯಿತು. ಭಾನುವಾರದ ಬಾಗಿಲು ಮುಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಬಾಗಲವಾಡಕ್ಕೆ ಮಾತ್ರ ಯಾರೂ ಹೋಗಲಿಲ್ಲ.

ಮಾನ್ವಿ ಸಂತೆಗೆ ಬಂದವರ ಕೈಯಲ್ಲಿ ಮಾವ ಹೇಳಿ ಕಳಿಸುತ್ತಿದ್ದ. "ನಿನ್ನ ಮಾವ ಕೇಳ್ಯಾನಪಾ, ಜವಾಬು ಸಿಕ್ಕದೇನು ಅಂತ." ಊರಿಗೆ ಹೋದರೆ ನಮ್ಮವರು ನನ್ನನ್ನೇ ಕಿಚಾಯಿಸುತ್ತಿದ್ದರು. "ಏನಲೇ ಗೌಂಡಿ, ನಿಮ್ಮ ರಾಯಚೂರು ಮಂದಿ ಸವಾಲು ಹೊತಗೊಂಡು ಓಡಿಹೋದ್ರಂತಲ್ಲ!" ನನಗೆ ಮೈ ಉರಿಯುತ್ತಿತ್ತು. ಗ್ರಂಥಾಲಯ ನನ್ನದು, ಮಾವನೂ ನನ್ನವನು. ಯಾರ ಪರ ನಿಲ್ಲಲಿ?

ಒಂದು ಸಲ ಸರ್ ಅವರನ್ನು ನೇರವಾಗಿ ಕೇಳಿದೆ. "ಸರ, ಸೋತೀವಿ ಅಂದುಬಿಡ್ರಿ. ಅವನ ಪದ ಅವಗ ತಿರುಗಿ ಸಿಗತದ."

ಅವರು ಕಿವಿಯ ಪೆನ್ಸಿಲ್ ತೆಗೆದು ತಿರುವುತ್ತ ಕೂತರು. "ಸೋಲೋದಕ್ಕೆ ನನಗೇನೂ ಇಲ್ಲಪ್ಪಾ. ಆದ್ರೆ ಇವರೆಲ್ಲ ಓದ್ತಿದಾರಲ್ಲ... ನಿಲ್ಲಿಸಿಬಿಡಲಾ?"

ಅವರು ಸುಮ್ಮನೆ ಕೂತಿರಲೂ ಇಲ್ಲ ಅನ್ನಿ. ದೇವದುರ್ಗಕ್ಕೆ ಹೋಗಿ ಅಲ್ಲಿನ ಹಳೆಯ ಹಾಡುಗಾರನೊಬ್ಬನನ್ನು ಕೇಳಿ ಬಂದರು. ಅವನು, "ಬಾಗಲವಾಡದ ಸವಾಲಿಗಿ ನಾ ಯಾಕ ಜವಾಬು ಹೇಳ್ಲಿ? ನನಗ ಹಾಕಿದ್ರ ಹೇಳ್ತಿದ್ದೆ" ಎಂದು ಎಲೆಯಡಿಕೆ ಕೊಟ್ಟು ಕಳಿಸಿದನಂತೆ. ಸರ್ ನಿಜವಾಗಿ ಹುಡುಕುತ್ತಿದ್ದರೋ, ಸವಾಲು ಜೀವಂತ ಇರಲೆಂದು ದಿನ ದೂಡುತ್ತಿದ್ದರೋ? ಒಂದು ವಾರ ಹೀಗನಿಸಿದರೆ ಇನ್ನೊಂದು ವಾರ ಹಾಗನಿಸುತ್ತಿತ್ತು.

ಹೀಗೇ ವರ್ಷಗಳು ಉರುಳಿದವು. ಮಾವನಿಗೆ ಉಬ್ಬಸ ಹತ್ತಿತು. ಡೊಳ್ಳು ಗೋಡೆಯ ಗೂಟಕ್ಕೇರಿತು. ಅಷ್ಟರಲ್ಲಿ ಸರ್ ಅವರಿಗೆ ಮೈಸೂರಿನ ಕಡೆಗೇ ವರ್ಗವಾಯಿತು. ಸಾಮಾನು ಕಟ್ಟುವ ಮೊದಲು ನನ್ನ ಮನೆಗೇ ಬಂದು, "ನಡೀಪ್ಪಾ, ಬಾಗಲವಾಡಕ್ಕೆ ಹೋಗೋಣ. ಕೊಟ್ಟ ಮಾತು ಹಾಗೇ ಬಿಟ್ಟು ಹೋದ್ರೆ ನನಗೆ ನಿದ್ದೆ ಬರಲ್ಲ" ಎಂದರು.

ಕೈಯಲ್ಲಿ ಉತ್ತರ ಇರಲಿಲ್ಲ. ಮಾನ್ವಿ ದಾಟಿ ಒಂದಿಷ್ಟು ದೂರ ಹೋದ ಮೇಲೆ ಕುರಿಯ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಹಿಂದಿನ ದಿನ ಬೇಸಿಗೆಯ ಅಕಾಲದ ಮಳೆ ಸುರಿದಿತ್ತು. ಎರೆ ಹೊಲ ರಾಡಿಯಾಗಿ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುವಂತಿತ್ತು. ಹೊಲದ ಅಂಚಿನಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಕೋಲಿಗೆ ಗದ್ದ ಕೊಟ್ಟು ನಿಂತು, ಹಿಂಡು ದಾಟುವುದನ್ನು ಕಾಯುತ್ತಿದ್ದ.

ಸರ್ ನನ್ನ ತೋಳು ಹಿಡಿದು ಜಗ್ಗಿದರು. "ನೋಡು, ನೋಡು! ಅವನ ಕೋಲು ನೋಡು!"

"ಏನ್ರೀ ಅದು?"

"ಎಲ್ಲಿ ಊರಿದಾನೆ ನೋಡಪ್ಪಾ!"

ನೋಡಿದೆ. ರಾಡಿಯಲ್ಲಿ ಇಳಿದುಹೋಗದಂತೆ, ಮುದುಕ ಕೋಲನ್ನು ತನ್ನ ಪಾದದ ಮೇಲೆಯೇ ಊರಿಕೊಂಡಿದ್ದ. ಕುರಿ ಕಾಯುವವರೆಲ್ಲ ಹಾಗೇ ನಿಲ್ಲುತ್ತಾರೆ. ನಾನೂ ಸಣ್ಣವನಿದ್ದಾಗ ಹಾಗೇ ನಿಂತವನು. ಕಣ್ಣಿಗೆ ಕಂಡದ್ದು ತಲೆಗೆ ಹತ್ತಿರಲಿಲ್ಲ, ಅಷ್ಟೇ.

"ಮಣ್ಣಿಲ್ಲ, ನೀರಿಲ್ಲ. ಊರೋದಕ್ಕೆ ಇನ್ನೇನಿತ್ತು? ತನ್ನ ಪಾದ ಇತ್ತು!" ಸರ್ ಸೀಟಿನಿಂದ ಎದ್ದು ನಿಂತೇಬಿಟ್ಟರು. "ಕೂಡ್ರಿ ಸಾಹೇಬ್ರ, ಬಸ್ಸು ಬಿಡಾಕತ್ತೀನಿ" ಎಂದು ಡ್ರೈವರ್ ಒದರಿದ. ಅವರು ಕೂತರೂ ಕಾಲು ಕುಣಿಸುತ್ತಲೇ ಇದ್ದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮಾವ ಹೊರಸಿನ ಮೇಲೆ ಮಲಗಿದ್ದ. ಎಲುಬು, ಚರ್ಮ, ಎರಡು ಕಣ್ಣು. ಸರ್ ಅವರನ್ನು ನೋಡಿದ್ದೇ ಎದ್ದು ಕೂಡಲು ಹವಣಿಸಿದ. ಉಸಿರು ಸೀಟಿ ಹೊಡೆಯುತ್ತಿತ್ತು.

"ತಂದ್ರೇನ್ರಿ ಸರ?"

ಸರ್ ಹೊರಸಿನ ಬದಿಗೆ ಕುಕ್ಕರಗಾಲಲ್ಲಿ ಕೂತರು. ಮಾವನ ಮುಖವನ್ನೇ ನೋಡಿದರು. ನಾನು ಬಾಗಿಲಲ್ಲಿ ನಿಂತು, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

"ಇಲ್ಲ ಯಜಮಾನ್ರೇ. ಎಲ್ಲ ಪುಸ್ತಕ ಹುಡುಕಿದ್ವಿ. ಸಿಗಲಿಲ್ಲ. ನಾವು ಸೋತ್ವಿ."

ಅತ್ತೆಯ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಮಾವ ತಲೆದಿಂಬಿನ ಕೆಳಗಿನ ಭಂಡಾರದ ಚೀಲ ತೆಗೆದು, ಸರ್ ಹಣೆಗೆ ಹಚ್ಚಿದ. ಗೆದ್ದವರು ಸೋತವರಿಗೆ ಹಾಗೆ ಹಚ್ಚಬೇಕು. "ದೊಡ್ಡ ಮನಸು ನಿಮ್ದು. ಇಲ್ಲೀತನ ಬಂದ್ರಿ" ಎಂದ. ಸರ್ ಅವನ ಕಾಲಿಗೆ ಬಿದ್ದರು.

ಬಸ್ಸಿಗೆ ಬಿಡಲು ಹೋದಾಗ ನನಗೆ ತಡೆಯಲಾಗಲಿಲ್ಲ. "ಯಾಕ ಹೇಳಲಿಲ್ರಿ ಸರ? ಕೈಯಾಗ ಇತ್ತಲ್ಲ?"

ಅವರು ಹಣೆಯ ಭಂಡಾರವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ಅವರ ಸ್ಥಿತಿ ನೋಡಿದೆಯಲ್ಲ... ಹೇಳ್ಬೇಕಿತ್ತಾ? ನೀನೇ ಹೇಳು."

ಬಸ್ಸು ಬಂದು ನಿಂತಿತ್ತು. "ಇಲ್ಲ ಬಿಡ್ರಿ, ಛಲೋ ಆತು" ಎಂದೆ. ಅವರ ಮುಖ ಹಗುರಾಯಿತು. ಕಿಟಕಿಯಿಂದ ಕೈ ಆಡಿಸುತ್ತ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ತಿರುಗಿ ಬಂದಾಗ ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ಗೆದ್ದ ಮನುಷ್ಯನ ಬೆನ್ನು ಹಾಗಿರುವುದಿಲ್ಲ. ಹತ್ತಿರ ಹೋದರೆ ಕೆನ್ನೆ ಒದ್ದೆಯಾಗಿತ್ತು.

"ಯಾಕ ಮಾವ? ಗೆದ್ದೀಯಲ್ಲ?"

"ಏನು ಗೆದ್ದೀನಿ ಮಣ್ಣು?" ಅವನು ತಿರುಗಲಿಲ್ಲ. "ನನಗ ಗೊತ್ತಿದ್ದಿಲ್ಲೋ ಅಳಿಯಾ. ನಮ್ಮ ಗುರು ಸವಾಲು ಕೊಟ್ಟ, ಜವಾಬು ಕೊಡದಾ ಸತ್ತ. ಯಾರ ಮುಂದ ಹಾಡಿದ್ರೂ ಸೋತೀವಿ, ಸೋತೀವಿ ಅಂದ್ರು. ಯಾರರೆ ಒಬ್ರು ಗೆಲ್ಲಲಿ ಅಂತ ಹಾಡ್ತಿದ್ದೆ ನಾ. ಆ ಕಪಾಟು ನೋಡಿದಾಗ, ಇಲ್ಲಿ ಸಿಗತದ ಅನ್ಸಿತ್ತು... ಅವ್ರೂ ಸೋತ್ರು."

ತಡಮಾಡದೆ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ರಾಡಿ, ಕುರಿ, ಮುದುಕ, ಪಾದ. ಸರ್ ಎದ್ದು ನಿಂತದ್ದು, ಡ್ರೈವರ್ ಒದರಿದ್ದು, ಒಂದನ್ನೂ ಬಿಡಲಿಲ್ಲ.

ಮಾವ ಈಗ ತಿರುಗಿದ. "ಎಬ್ಬಿಸು" ಎಂದ. ಎಬ್ಬಿಸಿ ಕೂಡಿಸಿದೆ. "ಕೋಲು ಕೊಡು" ಎಂದ. ಕೊಟ್ಟೆ. ನೆಲ ಮುಟ್ಟಿದ್ದ ತನ್ನ ಬಾತ ಪಾದದ ಮೇಲೆ ಕೋಲನ್ನು ಊರಿ, ಎರಡೂ ಕೈಯಿಂದ ಹಿಡಿದು, ಅದಕ್ಕೆ ಗದ್ದ ಕೊಟ್ಟು ಬಹಳ ಹೊತ್ತು ಕೂತ.

"ಇರಬಹುದು" ಎಂದ. ಮತ್ತೆ, "ಇರಬಹುದಲೇ... ಆದರ ಅವ್ರು ಹೇಳಬೇಕಿತ್ತು. ನೀ ನನ್ನ ಮೇಳದಾವ. ನೀ ಹೇಳಿದ್ರ ಜವಾಬು ಆಗಂಗಿಲ್ಲ."

"ಸರ್‌ಗೆ ತಿರುಗಿ ಕರಕೊಂಡು ಬರಲೇನು?"

"ಸೋತೀನಿ ಅಂದ ಮ್ಯಾಲ ಮುಗೀತು. ಭಂಡಾರ ಹಚ್ಚೀನಲ್ಲ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟ.

ಆ ಬೇಸಿಗೆ ಮುಗಿಯುವುದರೊಳಗೆ ಮಾವ ಹೋದ. ನಾನು ಗ್ರಂಥಾಲಯಕ್ಕೆ ಹೋಗಿ ಸರ್ ಯಾವ ಊರಿಗೆ ಹೋದರೆಂದು ಕೇಳಿದೆ. ಹೊಸಬರಿಗೆ ಗೊತ್ತಿರಲಿಲ್ಲ. ಕರಿಹಲಗೆಯ ಬರಹ ಅಳಿಸಿಹೋಗಿತ್ತು. ಸವಾಲು ಇಲ್ಲದ ಭಾನುವಾರಕ್ಕೆ ಮಂದಿಯೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಚಾಚಾನ ಮಗ ಸಿಕ್ಕು, ಸರ್ ತೀರಿಕೊಂಡರಂತೆ ಎಂದ. ಬಾಗಲವಾಡದ ಮುದುಕನಿಗೆ ಕೊನೆಗಾಲಕ್ಕೆ ಒಂದು ಗೆಲುವು ಕೊಟ್ಟೆ ಎಂದು ಆಗಾಗ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರಂತೆ.

ಗೋಡೆ ವಾಲಿದ್ದರೆ ಗುಂಡು ಬಿಟ್ಟು ಹೇಳಬಲ್ಲೆ. ಇದನ್ನು ಯಾವುದರಿಂದ ಅಳೆಯಲಿ? ಒಬ್ಬ ಕೊಟ್ಟೆನೆಂದು ಸಂತೋಷದಿಂದ ಹೋದ, ಇನ್ನೊಬ್ಬ ಸಿಗಲಿಲ್ಲವೆಂದು ಹೋದ. ನಡುವೆ ನಿಂತಿದ್ದ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರೂ ಬೇಕೆನಿಸುತ್ತದೆ...

ಈಗ ಆ ಪದ ನನಗೆ ಮೊದಲಿನಿಂದ ಕೊನೆಯವರೆಗೆ ಬರುತ್ತದೆ. ಯಾರ ಮುಂದೆಯೂ ಹಾಡಬಹುದು, ತಡೆಯುವ ಕಟ್ಟಳೆ ಉಳಿದಿಲ್ಲ. ಎದುರಿಗೆ ಕೂಡುವವರೇ ಇಲ್ಲ.